ಶಕ್ತಿಗೆ ತಕ್ಕ ತಪಸ್ಸು: ನಿತ್ಯನಿಯಮವೂ ಆಯುಷ್ಯವೂ

ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗಿನ ದಶಲಕ್ಷಣ ಪರ್ವದಲ್ಲಿ ಮೈಸೂರು ನಗರದ ಶ್ರಾವಕರ ಮನೆಗಳ ದಿನಚರಿಯೇ ಬೇರೆಯಾಗುತ್ತದೆ. ಬೆಳಗಿನ ಜಾವಕ್ಕೆ ಏಳುವವರೂ, ಶಾಂತೀಶ್ವರ ಬಸದಿಗೆ ಅಭಿಷೇಕಕಾಲಕ್ಕೆ ತಪ್ಪದೆ ಬರುವವರೂ, ಸೂರ್ಯಾಸ್ತಕ್ಕೆ ಮೊದಲೇ ಅಡಿಗೆಮನೆಯ ಕೆಲಸವನ್ನು ಮುಗಿಸುವವರೂ ಆ ದಿನಗಳಲ್ಲಿ ಹೆಚ್ಚು. ಕೆಲವರದು ಏಕಾಶನ, ಕೆಲವರದು ಒಂದು ದಿನ ಬಿಟ್ಟು ಒಂದು ದಿನ ಉಪವಾಸ, ಮತ್ತೆ ಕೆಲವರದು ಹತ್ತು ದಿನವೂ ಅನಶನ. ಇದು ಸಂತೋಷದ ವಿಷಯವೇ ಸರಿ. ಆದರೆ ವಿಚಾರಶೀಲರಾದ ಧರ್ಮಬಂಧುಗಳು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಹನ್ನೊಂದನೆಯ ದಿನದಿಂದ ಏನಾಗುತ್ತದೆ? ವರ್ಷದ ಉಳಿದ ಮುನ್ನೂರೈವತ್ತು ದಿನಗಳ ಮೇಲೆ ಆ ಹತ್ತು ದಿನಗಳ ಗುರುತು ಉಳಿಯುತ್ತದೆಯೇ?

ಒಂದು ದೃಷ್ಟಾಂತದಿಂದ ಈ ಪ್ರಶ್ನೆಯನ್ನು ಸ್ಪಷ್ಟಪಡಿಸಿಕೊಳ್ಳಬಹುದು. ಕಚೇರಿಯ ಕೆಲಸದಿಂದ ನಿವೃತ್ತನಾದ ಒಬ್ಬ ಶ್ರಾವಕನಿದ್ದನು. ಅವನು ಹಲವು ವರ್ಷ ಪರ್ವದ ಹತ್ತು ದಿನವೂ ಉಪವಾಸವಿದ್ದು, ಕೊನೆಯ ದಿನ ಸಭೆಯಲ್ಲಿ ಹಾರ ಹಾಕಿಸಿಕೊಂಡವನು. ಅರವತ್ತರ ಮೇಲೆ ಅವನಿಗೆ ಸಕ್ಕರೆ ಕಾಯಿಲೆ ಬಂದಿತು. ಉಪವಾಸ ಕೂಡದೆಂದು ವೈದ್ಯರು ಹೇಳಿದರು. ಹಾರದ ನೆನಪು ಬಿಡಲೊಲ್ಲದು. ವೈದ್ಯರ ಮಾತನ್ನು ಮನೆಯವರಿಂದ ಮರೆಮಾಚಿ, ಮಾತ್ರೆಯನ್ನು ಮಾತ್ರ ನುಂಗಿ, ಅನ್ನವನ್ನು ಬಿಟ್ಟನು. ಮೂರನೆಯ ದಿನ ಬಸದಿಯ ಮೆಟ್ಟಿಲ ಬಳಿ ಮೈ ಬೆವರಿ, ಕೈಕಾಲು ನಡುಗಿ ಕುಸಿದುಬಿದ್ದನು. ಯಾರೋ ಸಕ್ಕರೆ ನೀರು ಕುಡಿಸಿದ್ದರಿಂದ ಜೀವ ಉಳಿಯಿತು.

ಮನೆಗೆ ಬಂದು ಅವನು ದುಃಖಿಸಿದ್ದು ಪ್ರಾಣಾಪಾಯಕ್ಕಾಗಿ ಅಲ್ಲ, ವ್ರತಭಂಗಕ್ಕಾಗಿ. ಎಂಬತ್ತಾರು ವಯಸ್ಸಿನ ಅವನ ತಾಯಿ ಮಗನ ಪಕ್ಕದಲ್ಲಿ ಕುಳಿತು, "ಅಪ್ಪಾ, ನಿನ್ನ ವ್ರತ ಇವತ್ತು ಮುರಿಯಲಿಲ್ಲ. ಪರ್ವ ಕಳೆದ ಮೇಲೆ ರಾತ್ರಿ ಹತ್ತು ಗಂಟೆಗೆ ಊಟಕ್ಕೆ ಕೂರುತ್ತೀಯಲ್ಲ, ವರ್ಷವೆಲ್ಲ ಅದು ಅಲ್ಲೇ ಮುರಿಯುತ್ತಿತ್ತು" ಎಂದಳು.

ಆ ವೃದ್ಧೆ ತನ್ನ ಆಯುಷ್ಯದಲ್ಲಿ ಒಮ್ಮೆಯೂ ಹತ್ತು ದಿನದ ಉಪವಾಸ ಮಾಡಿದವಳಲ್ಲ. ಆದರೆ ಸೋಸದ ನೀರನ್ನು ಮುಟ್ಟಿದವಳಲ್ಲ. ಹೊತ್ತು ಮುಳುಗಿದ ಮೇಲೆ ಉಂಡವಳಲ್ಲ. ಇನ್ನೂ ಎರಡು ತುತ್ತು ಸೇರುವುದೆನ್ನುವಾಗಲೇ ಎಲೆಯಿಂದ ಕೈ ತೆಗೆದವಳು. ಮಲಗುವ ಮುನ್ನ ಅಂದಿನ ಜಗಳಗಳನ್ನೆಲ್ಲ ಮನಸ್ಸಿನಿಂದ ಕಳೆದುಕೊಂಡವಳು. ಈ ತಾಯಿ ಮಕ್ಕಳಿಬ್ಬರಲ್ಲಿ ತಪಸ್ವಿ ಯಾರು?

ಇದಕ್ಕೆ ಉತ್ತರವನ್ನು ಆಚಾರ್ಯರು ಹಿಂದೆಯೇ ಕೊಟ್ಟಿರುವರು. ತೀರ್ಥಂಕರ ನಾಮಕರ್ಮದ ಬಂಧಕ್ಕೆ ಕಾರಣವಾದ ಷೋಡಶ ಭಾವನೆಗಳಲ್ಲಿ ತಪಸ್ಸನ್ನು ಹೇಳುವಾಗ ಬರಿದೇ ತಪಸ್ಸೆಂದು ಹೇಳದೆ 'ಶಕ್ತಿಗೆ ಅನುಸಾರವಾದ ತಪಸ್ಸು' ಎಂದು ಹೇಳಲಾಗಿದೆ. ಶಕ್ತಿಯಿದ್ದೂ ಮಾಡದಿರುವುದು ಪ್ರಮಾದ. ಶಕ್ತಿ ಮೀರಿ ಮಾಡುವುದರಲ್ಲಿ ಬಹುಮಟ್ಟಿಗೆ ಮಾನಕಷಾಯ ಅಡಗಿರುತ್ತದೆ. ಆರು ಬಾಹ್ಯತಪಗಳಲ್ಲಿ ಅನಶನವು ಮೊದಲನೆಯದು, ನಿಜ. ಆದರೆ ಅದರ ಬೆನ್ನಿಗೇ ಅವಮೌದರ್ಯವನ್ನು ಹೇಳಿದ್ದಾರೆ. ಪುರುಷನ ಪೂರ್ಣಾಹಾರ ಮೂವತ್ತೆರಡು ತುತ್ತು, ಸ್ತ್ರೀಯರದು ಇಪ್ಪತ್ತೆಂಟು ತುತ್ತು ಎಂದು ಮೂಲಾಚಾರಾದಿ ಗ್ರಂಥಗಳು ಲೆಕ್ಕವಿಡುತ್ತವೆ. ಅದರಲ್ಲಿ ಒಂದೇ ತುತ್ತನ್ನು ಕಡಿಮೆ ಮಾಡಿದರೂ ಅದು ತಪಸ್ಸಿನ ಗಣನೆಗೆ ಸೇರುತ್ತದೆ. ಉಪವಾಸಕ್ಕೆ ತಿಥಿ ಬೇಕು. ಆ ಒಂದು ತುತ್ತನ್ನು ಬಿಡಲು ಪ್ರತಿದಿನವೂ ಪರ್ವವೇ.

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಆಯುಷ್ಯವು ಆಯುಃಕರ್ಮದ ಅಧೀನ. ಹಿಂದಿನ ಭವದಲ್ಲಿ ಕಟ್ಟಿಕೊಂಡಷ್ಟೇ ಬಾಳಬೇಕಾಗಿರುವಾಗ ಆಹಾರ ವಿಹಾರಗಳ ನಿಯಮದಿಂದ ಆಗುವ ಲಾಭವೇನು? ಇಂತಹ ಮಾತನ್ನು ಹೇಳಿ ಔಷಧವನ್ನು ಅಲಕ್ಷ್ಯ ಮಾಡುವವರೂ, ನಾಲಗೆಯ ಚಾಪಲ್ಯವನ್ನು ಸಮರ್ಥಿಸಿಕೊಳ್ಳುವವರೂ ಇದ್ದಾರೆ. ಅವರು ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ಕೊನೆಯ ಸೂತ್ರವನ್ನು ಮನನ ಮಾಡಬೇಕು. ದೇವ ನಾರಕರ, ಚರಮೋತ್ತಮ ದೇಹಿಗಳ ಮತ್ತು ಅಸಂಖ್ಯಾತ ವರ್ಷ ಬಾಳುವ ಭೋಗಭೂಮಿಯ ಜೀವಿಗಳ ಆಯುಷ್ಯ ಮಾತ್ರ ನಡುವೆ ಕುಗ್ಗುವುದಿಲ್ಲವೆಂದು ಅಲ್ಲಿ ಹೇಳಿದೆ. ನಮ್ಮಂತಹ ಸಾಮಾನ್ಯ ಮನುಷ್ಯರ ಆಯುಷ್ಯ ವಿಷ, ಶಸ್ತ್ರ ಮೊದಲಾದ ಬಾಹ್ಯ ನಿಮಿತ್ತಗಳಿಂದ ಕಾಲಕ್ಕೆ ಮೊದಲೇ ತೀರಿಹೋಗಬಹುದೆಂಬುದು ಇದರಿಂದ ಸಿದ್ಧವಾಗುತ್ತದೆ. ಅಕಲಂಕದೇವರು ರಾಜವಾರ್ತಿಕದಲ್ಲಿ ಇದಕ್ಕೆ ಮಾವಿನ ಹಣ್ಣಿನ ದೃಷ್ಟಾಂತವನ್ನು ಕೊಟ್ಟಿರುವರು: ಉಪಾಯದಿಂದ ಕಾಯಿಯನ್ನು ಕಾಲಕ್ಕೆ ಮೊದಲೇ ಹಣ್ಣಾಗಿಸಬಹುದಾದಂತೆ ಆಯುಷ್ಯವೂ ಬೇಗ ಪಕ್ವವಾಗಬಹುದು. ಹಾಗಾಗದಿದ್ದಲ್ಲಿ ಆಯುರ್ವೇದವೇ ವ್ಯರ್ಥವಾಗುತ್ತಿತ್ತೆಂಬುದು ಅವರ ಯುಕ್ತಿ.

ಆದುದರಿಂದ ಸಿದ್ಧಾಂತವು ಸ್ಪಷ್ಟ. ಹಣತೆಯಲ್ಲಿರುವ ಎಣ್ಣೆಯನ್ನು ನಿಯಮವು ಹೆಚ್ಚಿಸಲಾರದು. ಆದರೆ ಎಣ್ಣೆ ಇರುವಾಗಲೇ ದೀಪವು ಗಾಳಿಗೆ ಆರಿಹೋಗದಂತೆ ಅಂಗೈಯನ್ನು ಅಡ್ಡ ಹಿಡಿಯಬಲ್ಲದು. ನಿತ್ಯನಿಯಮವೆಂದರೆ ಆ ಅಂಗೈ.

ನಮ್ಮ ನಾಡಿನ ಜೈನಾಚಾರ್ಯರು ವೈದ್ಯಶಾಸ್ತ್ರವನ್ನು ಕಡೆಗಣಿಸಲಿಲ್ಲವೆಂಬುದಕ್ಕೆ ಕಲ್ಯಾಣಕಾರಕವೇ ಸಾಕ್ಷಿ. ರಾಷ್ಟ್ರಕೂಟರ ಕಾಲದಲ್ಲಿದ್ದ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ಈ ಗ್ರಂಥವು 1940ರಲ್ಲಿ ಸೊಲ್ಲಾಪುರದಿಂದ ಮುದ್ರಣಗೊಂಡಿತು. ಮದ್ಯ, ಮಾಂಸ, ಮಧುಗಳಿಲ್ಲದೆಯೇ ಚಿಕಿತ್ಸೆ ಸಾಧ್ಯವೆಂದು ಅದು ಸಾಧಿಸುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ಕರ್ಣಾಟಕ ಕಲ್ಯಾಣಕಾರಕವೆಂಬ ಹೆಸರಿನಲ್ಲಿ ಕನ್ನಡಿಸಿದಾಗಲೂ ಇದೇ ಮಾರ್ಗವನ್ನು ಹಿಡಿದನು. ಉಗ್ರಾದಿತ್ಯರು ಸ್ವಾಸ್ಥ್ಯವನ್ನು ಎರಡಾಗಿ ಕಾಣುತ್ತಾರೆ: ಕರ್ಮಕ್ಷಯದಿಂದ ಆತ್ಮನು ಪಡೆಯುವ ಪಾರಮಾರ್ಥಿಕ ಸ್ವಾಸ್ಥ್ಯ ಒಂದು; ಅಗ್ನಿ, ಧಾತುಗಳ ಸಮತೆಯಿಂದ ದೇಹವು ಪಡೆಯುವ ವ್ಯಾವಹಾರಿಕ ಸ್ವಾಸ್ಥ್ಯ ಮತ್ತೊಂದು. ಮೊದಲನೆಯದು ಗುರಿ, ಎರಡನೆಯದು ದಾರಿಯ ಬುತ್ತಿ. ಬುತ್ತಿಯನ್ನು ಚೆಲ್ಲಿದವನು ಊರು ಸೇರುವುದು ಕಷ್ಟ.

ಹಾಗಾದರೆ ಗೃಹಸ್ಥನ ನಿತ್ಯನಿಯಮ ಹೇಗಿರಬೇಕು? ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ವಿವರಿಸುವಾಗ, ಜೀವಾವಧಿ ಬಿಡುವುದನ್ನು ಯಮವೆಂದೂ, ಇಷ್ಟು ಕಾಲವೆಂದು ಗೊತ್ತುಮಾಡಿಕೊಂಡು ಬಿಡುವುದನ್ನು ನಿಯಮವೆಂದೂ ಹೇಳಿ, ಭೋಜನ, ವಾಹನ, ಶಯನ, ಸ್ನಾನ ಮೊದಲಾದವುಗಳನ್ನು ಹೆಸರಿಸುತ್ತಾರೆ. ಇಂದು, ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು ಎಂದು ಕಾಲವನ್ನೂ ಗೊತ್ತುಮಾಡುತ್ತಾರೆ. ದಿನಚರಿಯ ಪ್ರತಿಯೊಂದು ಅಂಗವೂ ವ್ರತಕ್ಕೆ ಎಡೆಯಾಗಬಲ್ಲದೆಂಬ ಈ ದೃಷ್ಟಿ ಅತ್ಯಂತ ವ್ಯಾವಹಾರಿಕವಾದುದು.

ಮೊದಲು ಭೋಜನ. ಸೂರ್ಯೋದಯದ ಅನಂತರದ ಎರಡು ಘಳಿಗೆ, ಸೂರ್ಯಾಸ್ತಕ್ಕೆ ಮುಂಚಿನ ಎರಡು ಘಳಿಗೆ, ಅಂದರೆ ನಲವತ್ತೆಂಟು ನಿಮಿಷಗಳನ್ನು ಬಿಟ್ಟು ನಡುವಿನ ಹಗಲಿನಲ್ಲಿ ಉಣ್ಣಬೇಕೆಂಬುದು ಶ್ರಾವಕಾಚಾರದ ವಿಧಿ. ಅದರ ಮೂಲ ಜೀವದಯೆ. ಅದರೊಡನೆ ದೇಹಕ್ಕೂ ಹಿತವಿದೆ: ಅದೇ ಆಹಾರವನ್ನು ಬೆಳಗ್ಗೆ ಉಂಡಾಗಿನದಕ್ಕಿಂತ ರಾತ್ರಿ ಉಂಡಾಗ ರಕ್ತದಲ್ಲಿ ಸಕ್ಕರೆ ಹೆಚ್ಚು ಏರುತ್ತದೆಂದು ಇಂದಿನ ವೈದ್ಯಶಾಸ್ತ್ರವು ಕಂಡುಕೊಂಡಿದೆ. ನಗರದ ಬೀದಿಗಳಲ್ಲಿ ರಾತ್ರಿ ಹೊತ್ತು ತಿಂಡಿಗಾಡಿಗಳ ಮುಂದೆ ನಿಲ್ಲುವ ತರುಣರು ಇದನ್ನು ಗಮನಿಸಲಿ. ಕಚೇರಿ, ಕಾರ್ಖಾನೆಗಳಿಂದ ತಡವಾಗಿ ಮರಳುವವರು ಪಕ್ಷಕ್ಕೆರಡು ದಿನ, ಅಷ್ಟಮಿ ಚತುರ್ದಶಿಗಳಂದಾದರೂ, ಆರಂಭಿಸಲಿ. ರಸಪರಿತ್ಯಾಗವೂ ಹಾಗೆಯೇ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಎಂಬ ಆರರಲ್ಲಿ ದಿನಕ್ಕೊಂದನ್ನು ಬಿಡುವ ರೂಢಿ ನಮ್ಮ ಹಿರಿಯರಲ್ಲಿತ್ತು. ವಯಸ್ಕರು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪನ್ನು ಬಳಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಇಂದು ಹೇಳುತ್ತಿರುವುದನ್ನು ನೋಡಿದರೆ ಆ ರೂಢಿಯ ಬೆಲೆ ತಿಳಿಯುತ್ತದೆ.

ಎರಡನೆಯದು ಜಲಗಾಲನ. ಮಡಿಸಿದ ದಪ್ಪ ಬಟ್ಟೆಯಲ್ಲಿ ನೀರನ್ನು ಸೋಸಿ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಿಗಳನ್ನು ಅದೇ ಜಲಾಶಯಕ್ಕೆ ಹಿಂದಿರುಗಿಸುವ ಕ್ರಮವನ್ನು ಅನೇಕರು ಹಾಸ್ಯ ಮಾಡಿದ್ದುಂಟು. ಬಾಂಗ್ಲಾದೇಶದ ಮತ್ಲಬ್ ಪ್ರದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯ ಬಟ್ಟೆಯನ್ನು ಮಡಿಸಿ ನೀರು ಸೋಸುವುದನ್ನು ಕಲಿಸಿದಾಗ ಕಾಲರಾ ಸುಮಾರು ಅರ್ಧದಷ್ಟು ತಗ್ಗಿತೆಂದು 2003ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ನೀರಿನ ಜೀವಿಯನ್ನು ಉಳಿಸಲು ಹಿಡಿದ ಬಟ್ಟೆ ಕುಡಿಯುವವನನ್ನೂ ಉಳಿಸಿತು. ಆದರೂ ಸೋಸುವುದೊಂದೇ ಸಾಲದು. ಶುದ್ಧತೆ ಸಂಶಯವಾದ ನೀರನ್ನು ಕುದಿಸಿಯೇ ಕುಡಿಯಬೇಕು.

ಮೂರನೆಯದು ವಾಹನ. ಬೀದಿಯ ಕೊನೆಯ ಅಂಗಡಿಗೂ ಸ್ಕೂಟರನ್ನು ಹೊರತೆಗೆಯುವ ಕಾಲವಿದು. 'ಇಂದು ಒಂದು ಮೈಲಿಯೊಳಗಿನ ಕೆಲಸಕ್ಕೆ ವಾಹನವನ್ನು ಏರೆನು' ಎಂಬ ಸಣ್ಣ ನಿಯಮವನ್ನು ಕೈಗೊಂಡು ನೆಲ ನೋಡಿ ನಡೆದರೆ ಈರ್ಯಾಸಮಿತಿಯ ಅಭ್ಯಾಸವೂ ಆಯಿತು, ವ್ಯಾಯಾಮವೂ ಆಯಿತು. ಕುಕ್ಕರಹಳ್ಳಿ ಕೆರೆಯ ಏರಿಯೂ, ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲೂ ಇರುವ ಊರಿನಲ್ಲಿ ನಡೆಯಲು ಎಡೆಯಿಲ್ಲವೆನ್ನುವಂತಿಲ್ಲ. ನಾಲ್ಕನೆಯದು ಶಯನ. ಸಾಮಾಯಿಕಕ್ಕೆ ಬೆಳಗಿನ ಜಾವ ಏಳಬೇಕಾದವನು ರಾತ್ರಿ ಮೊಬೈಲಿನ ಬೆಳಕಿನಲ್ಲಿ ಹನ್ನೆರಡರವರೆಗೆ ಕೂರಲಾರನು. ಒಂದು ನಿಯಮ ಮತ್ತೊಂದನ್ನು ಕಾಯುತ್ತದೆ.

ಇಂತಹ ಕಟ್ಟುಪಾಡು ಒಂದೇ ಮತದವರ ಸೊತ್ತಲ್ಲ. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ನೂರು ವರ್ಷ ಮೀರಿ ಬಾಳಿ 1962ರಲ್ಲಿ ತೀರಿಕೊಂಡರು. ಅವರ ಸಮಯಪಾಲನೆ, ಮಿತವಾದ ಆಹಾರ, ನಡಿಗೆ ಇವು ಮನೆಮಾತಾದವು. ತೊಂಬತ್ತು ದಾಟಿದ ಮೇಲೂ ಗಂಗಾನದಿಯ ಸೇತುವೆಯ ವಿಷಯದಲ್ಲಿ ಸಲಹೆ ನೀಡಲು ಬಿಹಾರಕ್ಕೆ ಪ್ರಯಾಣ ಮಾಡಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಿಂದ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರು 1888ರಲ್ಲಿ ಜನಿಸಿ 1989ರವರೆಗೆ ಬದುಕಿದ್ದರು. ನೂರು ವರ್ಷ ಬಾಳಿದ್ದಕ್ಕೆ ಕಾರಣ ಇಂತಹುದೊಂದೇ ಎಂದು ಹೇಳಲಾಗದು. ಆದರೆ ಕೊನೆಯವರೆಗೂ ಅವರ ದಿನಗಳು ಕೆಲಸಕ್ಕೆ ಬರುವ ದಿನಗಳಾಗಿದ್ದುವೆಂಬುದು ಮುಖ್ಯ. ಆಯುಷ್ಯವನ್ನು ವರ್ಷಗಳಿಂದ ಅಳೆಯುವುದಕ್ಕಿಂತ ಅದರ ಸದುಪಯೋಗದಿಂದ ಅಳೆಯುವುದು ಲೇಸು.

ದೇಹದ ನಿಯಮಗಳೆಲ್ಲ ಸರಿಯಾಗಿದ್ದೂ ಮನಸ್ಸು ಕುದಿಯುತ್ತಿದ್ದರೆ ಫಲವಿಲ್ಲ. ಕ್ರೋಧವು ಬಂದಾಗ ಎದೆಬಡಿತ ಏರುವುದನ್ನೂ, ರಕ್ತದ ಒತ್ತಡ ಹೆಚ್ಚುವುದನ್ನೂ ಯಾರು ಬೇಕಾದರೂ ಅನುಭವಿಸಿ ತಿಳಿಯಬಹುದು. ಎಲ್ಲ ಜೀವಿಗಳಲ್ಲಿ ಮೈತ್ರಿ, ಗುಣವಂತರಲ್ಲಿ ಪ್ರಮೋದ, ಬಳಲಿದವರಲ್ಲಿ ಕಾರುಣ್ಯ, ತಿದ್ದಲಾಗದವರಲ್ಲಿ ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳನ್ನು ಉಮಾಸ್ವಾಮಿಗಳು ವ್ರತಗಳ ಪ್ರಕರಣದಲ್ಲೇ ಹೇಳಿರುವುದು ಅರ್ಥಗರ್ಭಿತ. ಇವುಗಳಲ್ಲಿ ಮುಪ್ಪಿನವರಿಗೆ ಕಡುಕಷ್ಟವಾದುದು ನಾಲ್ಕನೆಯದು. ಮಗ ಮಾತು ಕೇಳಲಿಲ್ಲ, ಸೊಸೆಯ ರೀತಿ ಬೇರೆ, ಮೊಮ್ಮಕ್ಕಳು ಬಸದಿಗೆ ಬರುವುದಿಲ್ಲವೆಂಬ ಕೊರಗು ಅನ್ನಕ್ಕಿಂತ ಹೆಚ್ಚು ಅಜೀರ್ಣವನ್ನು ಉಂಟುಮಾಡುತ್ತದೆ. ವರ್ಷಕ್ಕೊಮ್ಮೆ ಕ್ಷಮಾವಾಣಿಯಂದು ಊರವರನ್ನೆಲ್ಲ ಕ್ಷಮೆ ಕೇಳುವವನು ದಿನಕ್ಕೊಮ್ಮೆ ಮನೆಯವರನ್ನು ಕ್ಷಮಿಸಲು ಕಲಿಯಬೇಕು.

ಕೊನೆಗೊಂದು ಎಚ್ಚರಿಕೆ. ಬದುಕಬೇಕೆಂಬ ಆಶೆಯನ್ನೂ, ಬೇಗ ಸಾಯಬೇಕೆಂಬ ಆಶೆಯನ್ನೂ ಶಾಸ್ತ್ರವು ಸಲ್ಲೇಖನೆಯ ಅತಿಚಾರಗಳಲ್ಲಿ ಒಟ್ಟಿಗೇ ಎಣಿಸಿದೆ. ಆಯುಷ್ಯ ಹೆಚ್ಚಲೆಂದೇ ವ್ರತ ಹಿಡಿದವನು ವ್ಯಾಪಾರಿಯಾಗುತ್ತಾನೆ. ದೇಹವನ್ನು ದ್ವೇಷಿಸಿ ಉಪವಾಸ ಮಾಡುವವನು ಹಿಂಸಕನಾಗುತ್ತಾನೆ. ಇವೆರಡರ ನಡುವೆ ಶ್ರಾವಕನ ದಾರಿಯಿದೆ. ಜೀವದಯೆಗಾಗಿ, ಸಂಯಮಕ್ಕಾಗಿ ನಿಯಮವನ್ನು ಹಿಡಿಯಬೇಕು. ಆರೋಗ್ಯವು ಭತ್ತದೊಡನೆ ಬರುವ ಹುಲ್ಲಿನಂತೆ ತಾನಾಗಿಯೇ ಬರುತ್ತದೆ. ರೋಗಿಗಳೂ, ಗರ್ಭಿಣಿಯರೂ, ನಿತ್ಯ ಔಷಧ ಸೇವಿಸುವವರೂ ವೈದ್ಯರನ್ನು ಕೇಳದೆ ದೀರ್ಘೋಪವಾಸವನ್ನು ಕೈಗೊಳ್ಳಬಾರದು. ಅವರಿಗೆ ಸ್ವಾಧ್ಯಾಯ, ಮೌನ, ದಾನ, ಕ್ಷಮೆ ಎಂಬ ತಪಸ್ಸುಗಳು ಸದಾ ತೆರೆದಿವೆ.

ಆ ಶ್ರಾವಕನು ಚೇತರಿಸಿಕೊಂಡ ಮೇಲೆ ಸಿಹಿಯನ್ನು ಯಾವಜ್ಜೀವ ತ್ಯಜಿಸಿದನು. ಹೊತ್ತು ಮುಳುಗುವ ಮುನ್ನ ಊಟ ಮುಗಿಸುವ ನಿಯಮವನ್ನು ತಿಂಗಳಿಂದ ತಿಂಗಳಿಗೆ ಮುಂದುವರಿಸಿದನು. ಮರುವರ್ಷದ ಪರ್ವದಲ್ಲಿ ಅವನಿಗೆ ಯಾರೂ ಹಾರ ಹಾಕಲಿಲ್ಲ. ಅಂದು ಸಂಜೆ ಅವನು ತಾಯಿಯೊಡನೆ ಒಂದೇ ಹೊತ್ತಿಗೆ ಊಟಕ್ಕೆ ಕುಳಿತನು. ಇನ್ನೂ ಎರಡು ತುತ್ತು ಸೇರುವುದೆನ್ನುವಾಗ ಇಬ್ಬರೂ ಎಲೆಯಿಂದ ಕೈ ತೆಗೆದರು.

ಸರ್ವರಿಗೂ ಅಂತಹ ಸನ್ಮತಿ ಉಂಟಾಗಲಿ. ಭದ್ರಮಸ್ತು.