ಕರಿ ಕೋಟು ಯಾರನ್ನು ಮುಚ್ಚುತ್ತದೆ?

ಕೋರ್ಟಿನಲ್ಲಿ ಕರಿ ಕೋಟು, ಕೊರಳಿಗೆ ಬಿಳಿ ಪಟ್ಟಿ, ಮೇಲೊಂದು ಗೌನು ಯಾಕೆ ಸ್ವಾಮಿ ಅಂತ ಕೇಳಿದರೆ ಸಿದ್ಧ ಉತ್ತರವೊಂದಿದೆ: ನ್ಯಾಯ ಹೇಳುವಾತ ಇಂಥವನ ಮಗ, ಇಂಥ ಜಾತಿಯವನು ಎಂಬುದು ಕಾಣಬಾರದು, ಪದವಿ ಮಾತ್ರ ಕಾಣಬೇಕು. ಕೇಳಲು ಚೆನ್ನಾಗಿದೆ. ಆದರೆ ಈ ಬಟ್ಟೆ ಹುಟ್ಟಿದ್ದು ಹಾಗಲ್ಲ.

ಇಂಗ್ಲೆಂಡಿನ ನ್ಯಾಯಾಧೀಶರ ನಿಲುವಂಗಿ ಒಂದು ರೂಪಕ್ಕೆ ಬಂದದ್ದು ಮೂರನೇ ಎಡ್ವರ್ಡ್ ಆಳುತ್ತಿದ್ದ 1327-77ರ ಕಾಲದಲ್ಲಿ. ಅದು ಆಸ್ಥಾನಕ್ಕೆ ಹೋಗುವವರ ಉಡುಪು. ಅದರ ಅರಿವೆಯನ್ನೂ ಅರಮನೆಯೇ ಕೊಡುತ್ತಿತ್ತು. ಯಾವ ಕಾಲಕ್ಕೆ ಯಾವ ಬಣ್ಣ ಅಂತ 1635ರಲ್ಲಿ ಕಟ್ಟಳೆಯೇ ಆಯಿತು. 1660ರಲ್ಲಿ ಪಟ್ಟಕ್ಕೆ ಮರಳಿದ ಎರಡನೇ ಚಾರ್ಲ್ಸನ ಕಾಲದಲ್ಲಿ ದೊಡ್ಡವರ ಷೋಕಿಯಾಗಿ ಬಂದ ವಿಗ್ಗು ನ್ಯಾಯಾಧೀಶರ ತಲೆಯನ್ನೂ ಏರಿತು. ಆ ರಾಜ 1685ರಲ್ಲಿ ಸತ್ತಾಗ ಸೂತಕಕ್ಕೆಂದು ವಕೀಲರು ಕರಿ ಗೌನು ತೊಟ್ಟರು ಎಂಬ ಮಾತಿದೆ. ಅಲ್ಲ, 1694ರಲ್ಲಿ ತೀರಿಕೊಂಡ ರಾಣಿ ಮೇರಿಯ ಸೂತಕ ಅದು ಎನ್ನುವವರೂ ಇದ್ದಾರೆ. ಯಾರದಾದರೇನು, ಅರಮನೆಯ ಸೂತಕ. ನಮ್ಮ ಹಟ್ಟಿಯ ಸೂತಕ ಕೆಲವೇ ದಿನಕ್ಕೆ ಕಳೆಯುತ್ತದೆ. ಇದು ಮುನ್ನೂರು ವರ್ಷ ದಾಟಿದರೂ ಕಳೆದಿಲ್ಲ.

ಅಂದರೆ ಮೂಲದಲ್ಲಿ ಇದು 'ನಾನು ರಾಜನ ಕಡೆಯವನು' ಎಂಬ ಗುರುತು. ನಿಷ್ಪಕ್ಷಪಾತ ಎಂಬ ಅರ್ಥವನ್ನು ಆಮೇಲೆ ಹೊಲಿದದ್ದು. ಬ್ರಿಟಿಷರು ಅದನ್ನಿಲ್ಲಿ ತಂದರು. ಅವರು ಹೋದ ಮೇಲೂ 1961ರ ವಕೀಲರ ಕಾಯ್ದೆ, ಬಾರ್ ಕೌನ್ಸಿಲ್ ನಿಯಮಗಳು ಕೋಟು ಗೌನನ್ನು ಉಳಿಸಿಕೊಂಡವು. ಇಂಗ್ಲೆಂಡಿನವರೇ 2008ರಲ್ಲಿ ಸಿವಿಲ್ ಮತ್ತು ಕೌಟುಂಬಿಕ ದಾವೆಗಳಲ್ಲಿ ವಿಗ್ಗು ತೆಗೆದಿಟ್ಟರು. 2020ರಲ್ಲಿ ಕೊರೊನಾ ಬಂದಾಗ ನಮ್ಮ ಸುಪ್ರೀಂ ಕೋರ್ಟೂ ವಿಡಿಯೋ ವಿಚಾರಣೆಗೆ ಕೋಟು, ಗೌನು ಬೇಡ ಅಂದಿತು. ಕಾನೂನೇನೂ ಕುಸಿದು ಬೀಳಲಿಲ್ಲ.

ಹಾಗಾದರೆ ಕಿತ್ತೆಸೆಯೋಣವೇ? ಅವಸರ ಬೇಡ. ಈ ದೇಶದಲ್ಲಿ ಬಟ್ಟೆ ಯಾವತ್ತೂ ಬರೀ ಬಟ್ಟೆಯಾಗಿರಲಿಲ್ಲ. ಚಂಡಾಲ ಹೆಣದ ಬಟ್ಟೆ ಉಡಬೇಕು ಅಂತ ಮನು ವಿಧಿಸಿದ. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳಲು ದಶಕಗಳ ಕಾಲ ಹೊಡೆದಾಡಬೇಕಾಯಿತು. 1859ರಲ್ಲಿ ಅಪ್ಪಣೆ ಸಿಕ್ಕಾಗಲೂ 'ಮೇಲ್ಜಾತಿ ಹೆಂಗಸರ ಹಾಗೆ ಮಾತ್ರ ಕೂಡದು' ಎಂಬ ಷರತ್ತಿತ್ತು. ಇಂಥ ದೇಶದಲ್ಲಿ ಬಾಬಾಸಾಹೇಬರು 1922ರಲ್ಲಿ ಲಂಡನ್ನಿನ ಗ್ರೇಸ್ ಇನ್ನಿನಿಂದ ಬ್ಯಾರಿಸ್ಟರ್ ಆಗಿ, ಮರುವರ್ಷ ಬಾಂಬೆ ಹೈಕೋರ್ಟಿಗೆ ವಕೀಲರಾಗಿ ಬಂದರು. ಮನು ಕೊಡದ ಬಟ್ಟೆ ಅದು. ಬ್ರಾಹ್ಮಣ ವಕೀಲನೂ ಹೊಲೆ-ಮಾದಿಗರ ಹುಡುಗನೂ ಒಂದೇ ಬಟ್ಟೆಯಲ್ಲಿ ಎದುರುಬದುರು ನಿಂತು ವಾದ ಮಾಡುವುದು ಸಣ್ಣ ಸಂಗತಿಯಲ್ಲ.

ನನ್ನ ತಕರಾರು ಬೇರೆ. ಗೌನು ನ್ಯಾಯಾಧೀಶನ ಜಾತಿ, ಅಂತಸ್ತನ್ನು ನಮ್ಮ ಕಣ್ಣಿಂದ ಮುಚ್ಚುತ್ತದೆ, ಸರಿ. ಕಟಕಟೆಯಲ್ಲಿ ನಿಂತವನನ್ನು ಅವನ ಕಣ್ಣಿಂದ ಮುಚ್ಚುವುದು ಯಾವುದು? ಹರಕು ಪಂಚೆ, ಹೆಗಲ ಮೇಲಿನ ಟವೆಲು, ಮಾತಾಡುವ ರೀತಿ, ಎಲ್ಲವೂ ಅವನು ಯಾರೆಂದು ಬಾಯಿಬಿಟ್ಟು ಹೇಳುತ್ತವೆ. ನಿಷ್ಪಕ್ಷಪಾತದ ಬಟ್ಟೆ ಒಂದೇ ಕಡೆಯವರಿಗೆ ಯಾಕೆ?

ಇದು ಬರೀ ತರ್ಕವಲ್ಲ. 1968ರ ಡಿಸೆಂಬರ್ 25ರಂದು ತಂಜಾವೂರು ಸೀಮೆಯ ಕೀಳ್‌ವೆಣ್ಮಣಿಯಲ್ಲಿ 44 ದಲಿತರನ್ನು ಸುಟ್ಟರು. ಅಷ್ಟು ಶ್ರೀಮಂತ ಜಮೀನ್ದಾರರು ತಾವೇ ನಡೆದು ಹೋಗಿ ಬೆಂಕಿ ಇಟ್ಟರು ಅಂತ ನಂಬುವುದು ಮದರಾಸು ಹೈಕೋರ್ಟಿಗೆ ಕಷ್ಟವಾಯಿತು, ಅವರು ಬಿಡುಗಡೆಯಾದರು. ಗೌನು ತೊಟ್ಟವರ ಕಣ್ಣಿಗೆ ಎದುರಿಗಿದ್ದವರ ಅಂತಸ್ತು ಚೆನ್ನಾಗಿಯೇ ಕಂಡಿತ್ತು. ನಮ್ಮ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ದಲಿತರು ಸುಟ್ಟುಹೋದರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. ವಕೀಲ ಸಂಜೆ ಕೋಟು ಕಳಚಿ ತನ್ನ ಮನೆಗೆ ಹೋಗುತ್ತಾನೆ. ದಲಿತ ಸಾಕ್ಷಿ ಹೋಗಬೇಕಾದ್ದು ಅದೇ ಊರಿಗೆ, ಅದೇ ಕೂಲಿಗೆ. ಅವನ ಮೈಮೇಲೆ ಯಾವ ಗೌನಿದೆ?

ಆದ್ದರಿಂದ ಗೆಳೆಯರೇ, ಕೋಟಿನ ಬಣ್ಣದ ಮೇಲೆ ಜಗಳ ಬೇಡ. ಅದನ್ನು ತೊಟ್ಟವರಲ್ಲಿ ನಮ್ಮ ಹಟ್ಟಿಯವರೆಷ್ಟು, ನಮ್ಮ ಮಾತಿನಲ್ಲಿ ನಡೆಯುವ ವಿಚಾರಣೆ ಎಷ್ಟು, ಸಾಕ್ಷಿ ಹೇಳಿದವನಿಗೆ ಊರಲ್ಲಿ ಕಾವಲು ಯಾರು, ಇದನ್ನು ಕೇಳೋಣ. ಮೇಷ್ಟರುಗಳು ಶಾಲೆಯಲ್ಲಿ ಕೇಳಲಿ, ಹುಡುಗರು ಹಾಸ್ಟೆಲಿನಲ್ಲಿ ಕೇಳಲಿ, ಸಂಘಟನೆ ಕೋರ್ಟಿನ ಬಾಗಿಲಲ್ಲೇ ಕೇಳಲಿ.