ನೆಗಡಿಯಂಥ ರೋಗವಿಲ್ಲ

ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ. ಮನೆಯಲ್ಲಿ ಯಾರಾದರೂ ಎಡೆಬಿಡದೆ ನಾಲ್ಕು ಸಲ ಸೀನಿದರೆ ಸಾಕು, ಈ ಗಾದೆ ಯಾರದೋ ಬಾಯಿಗೆ ಬಂದೇಬರುತ್ತದೆ. ಪ್ರಾಸಕ್ಕೆ ಕಟ್ಟಿದ ಮಾತು, ಅದರಲ್ಲಿ ಅರ್ಥ ಹುಡುಕುವುದು ದಂಡ ಎನ್ನುವವರೇ ಹೆಚ್ಚು. ಪ್ರಾಸವಿರುವುದು ನಿಜ. ಆದರೆ ಪ್ರಾಸ ಕೂಡಿದ್ದೆಲ್ಲ ಗಾದೆಯಾಗಿ ಉಳಿಯುವುದಿಲ್ಲ. ಆಡುವವರಿಗೆ ಅದರಲ್ಲಿ ಏನೋ ನಿಜ ಕಂಡಿರಬೇಕು. ಬುಗುಡಿ ಕಿವಿಯ ಮೇಲಂಚಿಗೆ ಹಾಕುವ ಪುಟ್ಟ ಒಡವೆ. ಓಲೆ, ಜುಮುಕಿ ಎದುರಿಗೆ ಬಂದವರಿಗೆಲ್ಲ ಕಾಣುತ್ತವೆ. ಬುಗುಡಿ ಕಾಣಬೇಕಾದರೆ ಪಕ್ಕದಲ್ಲೇ ಕೂತಿರಬೇಕು; ಕೂದಲು ಇಳಿಬಿದ್ದಿದ್ದರೆ ಅವರಿಗೂ ಕಾಣದು. ಸರ, ಡಾಬುಗಳ ಜೊತೆ ತಕ್ಕಡಿಗೆ ಹಾಕಿದರೆ ಅದರ ತೂಕ ಲೆಕ್ಕಕ್ಕೇ ಬರುವುದಿಲ್ಲ. ಅಂಥದ್ದನ್ನು ಒಡವೆಗಳಿಗೆಲ್ಲ ಮಿಗಿಲು ಎಂದು ಹೊಗಳುವಲ್ಲೇ ಗಾದೆಯ ಕೀಟಲೆ ಇದೆ. ನೆಗಡಿಯೂ ಹಾಗೆ ಹಗುರದ್ದು, ಹತ್ತಿರದವರು ಬೆಲೆ ಕೊಟ್ಟರೆ ಮಾತ್ರ ದೊಡ್ಡದಾಗುವಂಥದ್ದು. ಬೇರೆ ಕಾಯಿಲೆ ಎಷ್ಟು ದೊಡ್ಡದೆಂದು ಡಾಕ್ಟರು ಹೇಳುತ್ತಾರೆ, ರಕ್ತಪರೀಕ್ಷೆಯ ಚೀಟಿ ಹೇಳುತ್ತದೆ. ನೆಗಡಿ ಎಷ್ಟು ದೊಡ್ಡದೆಂದು ತೀರ್ಮಾನ ಮಾಡುವುದು ಮನೆ, ಅದರಲ್ಲೂ ಜೊತೆಗಿರುವ ಗಂಡ ಇಲ್ಲವೇ ಹೆಂಡತಿ. ಈ ಗಾದೆಯನ್ನು ನಾನು ಓದುವುದು ಹೀಗೆ.

ವೈದ್ಯಶಾಸ್ತ್ರವೇನೂ ಇದಕ್ಕೆ ಅಡ್ಡ ಬರುವುದಿಲ್ಲ. ನೆಗಡಿ ತರುವ ವೈರಸ್ಸುಗಳಲ್ಲಿ ಮುಖ್ಯವಾದ ರೈನೋವೈರಸ್ ಒಂದರಲ್ಲೇ 150ಕ್ಕೂ ಹೆಚ್ಚು ಬಗೆಗಳಿವೆ. ಒಂದನ್ನು ಎದುರಿಸಲು ಮೈ ಕಲಿಯುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಲಸಿಕೆಯಿಲ್ಲ, ಬುಡಸಮೇತ ಕೀಳುವ ಮಾತ್ರೆಯಿಲ್ಲ. ಆಂಟಿಬಯಾಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾದ ಮೇಲೆ, ವೈರಸ್ಸಿನ ಮೇಲಲ್ಲ. ವಾರವೋ ಹತ್ತು ದಿನವೋ ಕಾಟ ಕೊಟ್ಟು ಅದು ತಾನಾಗಿ ಹೋಗುತ್ತದೆ. ಅಲ್ಲಿಯವರೆಗೆ ನಮಗೆ ಉಳಿದಿರುವುದು ಬಿಸಿನೀರು, ಹಬೆ, ಮೆಣಸಿನ ಸಾರು, ಹುರುಳಿಕಟ್ಟಿನ ಸಾರು, ನಿದ್ದೆ. ಇವುಗಳಿಂದ ನೆಗಡಿ ವಾಸಿಯಾಗುತ್ತದೆಂದಲ್ಲ, ಗಂಟಲಿಗೆ ಹಿತ, ಕಟ್ಟಿದ ಮೂಗಿಗೆ ಒಂದಷ್ಟು ಹೊತ್ತಿನ ಬಿಡುಗಡೆ. ಆದರೆ ಇದೆಲ್ಲ ಯಾರೋ ದುಡಿದು ಆಗಬೇಕಾದದ್ದು. ಹುರುಳಿಯನ್ನು ಹಿಂದಿನ ರಾತ್ರಿಯೇ ಆರಿಸಿ ನೆನೆಹಾಕಬೇಕು, ಬೇಯಿಸಿ ಕಟ್ಟು ಬಸಿಯಬೇಕು, ಖಾರ ರುಬ್ಬಬೇಕು, ಒಗ್ಗರಣೆ ಹಾಕಬೇಕು. ಸಾರಿದ್ದರೆ ಮುದ್ದೆ ಬೇಡವೇ? ಎಸರು ಕುದಿಯುವಾಗ ಹಿಟ್ಟು ಸುರಿದು, ಪಾತ್ರೆ ಜರುಗದಂತೆ ಒತ್ತಿ ಹಿಡಿದು, ಗಂಟಿಲ್ಲದಂತೆ ಕೋಲಿನಲ್ಲಿ ತಿರುವುವುದಕ್ಕೆ ರಟ್ಟೆಯಲ್ಲಿ ಕಸುವಿರಬೇಕು. (ನೆಗಡಿಯಾದವರೇ ಇದನ್ನು ಮಾಡಿದರೆ ಬಿಟ್ಟಿಯಾಗಿ ಹಬೆಯಂತೂ ಸಿಗುತ್ತದೆ.) ತುಮಕೂರು ಜಿಲ್ಲೆಯ ಪಾವಗಡದ ಕಡೆ ಕೊಳವೆಬಾವಿಯನ್ನೇ ನಂಬಿದ ಮನೆಗಳಲ್ಲಿ ಇನ್ನೂ ಒಂದು ಹೆಜ್ಜೆ ಹಿಂದಿನಿಂದ ಶುರುಮಾಡಬೇಕು. ಅಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿರುವುದು ಹಳೆಯ ಗೋಳು. ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ, ಕ್ಯಾನ್ ತುಂಬಿಸಿ, ಮನೆಗೆ ಹೊತ್ತು ತರುವವರೊಬ್ಬರಿದ್ದರೆ ಮಾತ್ರ ‘ಚೆನ್ನಾಗಿ ಬಿಸಿನೀರು ಕುಡೀರಿ’ ಎಂಬ ಸಲಹೆಗೆ ಬೆಲೆ.

ಈ ದುಡಿಮೆ ಯಾರ ಪಾಲಿಗೆ ಬೀಳುತ್ತದೆಂದು ತಿಳಿಯಲು ಒಂದು ಶನಿವಾರ, ಭಾನುವಾರವನ್ನು ನೋಡಿದರೆ ಸಾಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿ ಗಂಡಹೆಂಡತಿ ಇಬ್ಬರೂ ಮೇಷ್ಟ್ರಾಗಿರುವ ಮನೆಯೊಂದನ್ನು ಊಹಿಸಿಕೊಳ್ಳಿ. ಶನಿವಾರ ಬೆಳಗಿನ ಶಾಲೆ. ಮಧ್ಯಾಹ್ನದಿಂದ ಭಾನುವಾರ ರಾತ್ರಿಯವರೆಗೆ ಬಿಡುವು. ಇಬ್ಬರಲ್ಲಿ ಒಬ್ಬರಿಗೆ ನೆಗಡಿ ಹಿಡಿದು, ಮದುವೆ ಮುಂಜಿ ಎಲ್ಲಕ್ಕೂ ಬರುವುದಿಲ್ಲವೆಂದು ಫೋನ್ ಮಾಡಿ, ಬಾಗಿಲು ಮುಂದಕ್ಕೆ ಮಾಡಿಕೊಂಡು ಮನೆಯಲ್ಲೇ ಉಳಿದರೆ ಅದು ನಿಜಕ್ಕೂ ಹಾಯಾದ ರಜೆ. ಆದರೆ ಹಾಯಿ ಯಾರಿಗೆ ಎಂಬುದು ಯಾರ ಮೂಗು ಸೋರುತ್ತಿದೆ ಎಂಬುದರ ಮೇಲೆ ನಿಂತಿದೆ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 97 ನಿಮಿಷ. ಅದೂ ಮನೆಗೆಲಸ ಮಾಡುವ ಗಂಡಸರ ಲೆಕ್ಕ. ಅಂಥವರೇ ನೂರಕ್ಕೆ 26ರಷ್ಟು, ಹೆಂಗಸರಲ್ಲಿ 81ರಷ್ಟು. ಗಂಡನಿಗೆ ನೆಗಡಿಯಾದರೆ ಈ ಲೆಕ್ಕದಲ್ಲಿ ಹೆಚ್ಚುಕಮ್ಮಿಯೇನೂ ಆಗದು, ಹೆಂಡತಿಯ ಪಾಲಿಗೆ ಇನ್ನೊಂದು ಕಷಾಯ ಸೇರಬಹುದು, ಅಷ್ಟೆ. ಹೆಂಡತಿಗಾದರೆ 299 ನಿಮಿಷದ ಕೆಲಸ ಯಾರ ತಲೆಗೂ ಹೋಗದೆ ಅಲ್ಲೇ ಬಿದ್ದಿರುತ್ತದೆ. ಆಕೆಯೇ ಸೆರಗಿಗೆ ಮೂಗೊರೆಸಿಕೊಂಡು ಮಾಡಿ ಮುಗಿಸುತ್ತಾಳೆ. ಅವನದು ರೋಗ, ಅವಳದು ಬರೀ ಶೀತ.

ಗಂಡಸರ ನೆಗಡಿ ನಿಜವಾಗಿಯೂ ಜೋರಾಗಿರಬಹುದಲ್ಲ ಎನ್ನುವವರಿದ್ದಾರೆ. ಕೆನಡಾದ ವೈದ್ಯರೊಬ್ಬರು 2017ರ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಈ ವಾದವನ್ನು ಅರ್ಧ ತಮಾಷೆಯಾಗಿ, ಅರ್ಧ ಗಂಭೀರವಾಗಿಯೇ ಮಂಡಿಸಿದ್ದರು: ಹಾರ್ಮೋನುಗಳ ದೆಸೆಯಿಂದ ಗಂಡಸರ ಮೈ ಇಂಥ ವೈರಸ್ಸುಗಳ ಮುಂದೆ ಸ್ವಲ್ಪ ಬಡವಾಗಿರಬಹುದು ಎಂದು. ಸಾಕ್ಷ್ಯ ಇನ್ನೂ ಗಟ್ಟಿಯಾಗಿಲ್ಲ. ಗಟ್ಟಿಯಾಯಿತೆಂದೇ ಇಟ್ಟುಕೊಳ್ಳಿ, ಅವನಿಗೆ ಹೆಚ್ಚು ವಿಶ್ರಾಂತಿ ಬೇಕೆಂದು ಅದರಿಂದ ತೋರಿಸಬಹುದೇ ಹೊರತು, ಅವಳಿಗೆ ಬೇಡವೆಂದು ತೋರಿಸಲಾಗದು.

ಮನೆಗೆಲಸದ ಭಾರವೊಂದು ಇಳಿದರೆ ನೆಗಡಿ ಏನಾಗುತ್ತದೆ ಎಂಬುದಕ್ಕೆ ದೂರದ್ದೊಂದು ನಿದರ್ಶನವಿದೆ. ಇಂಗ್ಲೆಂಡಿನ ಸಾಲಿಸ್‌ಬರಿಯಲ್ಲಿ 1946ರಲ್ಲಿ ನೆಗಡಿಯ ಸಂಶೋಧನೆಗೆಂದೇ ಒಂದು ಕೇಂದ್ರ ಶುರುವಾಗಿ, ನಾಲ್ಕು ದಶಕಕ್ಕೂ ಮೀರಿ ನಡೆಯಿತು.  ತಾವಾಗಿ ಮುಂದೆ ಬಂದವರ ಮೂಗಿಗೆ ವೈರಸ್ ಇದ್ದ ಹನಿ ಬಿಟ್ಟು, ಇಬ್ಬಿಬ್ಬರನ್ನೋ ಮೂವರನ್ನೋ ಒಂದೊಂದು ಮನೆಯಲ್ಲಿ ಹತ್ತು ದಿನ ಇರಿಸುತ್ತಿದ್ದರು; ಬೇರೆಯವರ ಹತ್ತಿರ ಸುಳಿಯುವಂತಿಲ್ಲ. ಊಟ ಬಿಸಿಯಾಗಿ ಬಾಗಿಲಿಗೇ ಬರುತ್ತಿತ್ತು. ಜೊತೆಗೆ ಚೂರುಪಾರು ಕೈಖರ್ಚು. ಯಾರು ಬಂದಾರು ಎನಿಸುತ್ತದೆ. ಸಾವಿರಾರು ಮಂದಿ ಬಂದರು. ಮತ್ತೆ ಮತ್ತೆ ಬಂದವರಿದ್ದರು, ಹೊಸದಾಗಿ ಮದುವೆಯಾಗಿ ಅಲ್ಲಿಗೇ ಹೋದ ಜೋಡಿಗಳೂ ಇದ್ದವು. ಪುಕ್ಕಟೆ ರಜೆಯ ಆಸೆ ಎಂದು ನಗಬಹುದು. ನನಗೆ ಅದರಲ್ಲಿ ಕಾಣುವುದು ಇಷ್ಟು: ಅಡುಗೆ ಇನ್ನೊಬ್ಬರದಾದರೆ, ಯಾರೂ ಎಬ್ಬಿಸದಿದ್ದರೆ, ನೆಗಡಿಯನ್ನು ಜನ ತಾವಾಗಿ ಮೈಮೇಲೆ ಹಾಕಿಕೊಳ್ಳುತ್ತಾರೆ. ಹೆಂಗಸರನ್ನು ಹಣ್ಣುಮಾಡುವುದು ಸೀನಿಗಿಂತ ಹೆಚ್ಚಾಗಿ ಸೀನುತ್ತಲೇ ಮಾಡಬೇಕಾದ ಕೆಲಸ.

ನಮ್ಮ ಹಿರಿಯರ ಕಟ್ಟುಪಾಡಿನಲ್ಲೇ ಹೆಂಗಸರಿಗೆ ವಿಶ್ರಾಂತಿ ಇತ್ತಲ್ಲ, ಮುಟ್ಟು ಬಾಣಂತನದಲ್ಲಿ ದೂರ ಕೂರಿಸುತ್ತಿದ್ದುದೇ ಅದಕ್ಕಲ್ಲವೇ ಎಂಬ ವಾದವೂ ಆಗಾಗ ಕೇಳುತ್ತದೆ. ತುಮಕೂರು ಜಿಲ್ಲೆಯಲ್ಲಿ ನಿಂತು ಈ ಮಾತು ಆಡುವುದು ಕಷ್ಟ. 2023ರ ಜುಲೈ ತಿಂಗಳಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಬಾಣಂತಿಯನ್ನು ಊರಾಚೆಯ ಗುಡಿಸಲಿನಲ್ಲಿ ಇರಿಸಿದ್ದರು. ಮಳೆಗೆ, ಥಂಡಿಗೆ ಹಸುಗೂಸು ಶೀತವೇರಿ ಸತ್ತುಹೋಯಿತು. ಕೆಲಸದಿಂದ ದೂರ ಇಟ್ಟ ಮಾತ್ರಕ್ಕೆ ಆರೈಕೆಯಾಗುವುದಿಲ್ಲ. ಒಳಗೆ ಬೆಚ್ಚಗೆ ಮಲಗಿಸಿ, ಪಕ್ಕದಲ್ಲಿ ಕೂತು ನೋಡಿಕೊಳ್ಳುವವರಿರಬೇಕು. ಗಾದೆ ಬುಗುಡಿಯನ್ನು ಎಳೆತಂದದ್ದೂ ಈ ಹತ್ತಿರದ ನೋಟಕ್ಕಾಗಿಯೇ ಎಂದು ನನ್ನ ಗುಮಾನಿ.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಭಾನುವಾರ ಎನ್ನುವುದು ಸಂಬಳದವರಿಗೆ. ಕಡಲೆಕಾಯಿ ಹೊಲದಲ್ಲಿ ಕಳೆ ಕೀಳುವ ಗಂಡಹೆಂಡತಿಗೆ ಮಲಗಿದ ದಿನದ ಕೂಲಿ ಹೋಯಿತು, ಅವರ ಮುಂದೆ ಹುರುಳಿಕಟ್ಟು, ನಿದ್ದೆ ಎಂದು ಮಾತಾಡುವುದು ಹೊಟ್ಟೆ ತುಂಬಿದವರ ಹರಟೆಯಲ್ಲವೇ? ಬಹುಮಟ್ಟಿಗೆ ಹೌದು. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಎದ್ದ ಮೇಲೆ ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ ಕೈಸೇರಿತು. ಆ ಹೊಲಗಳನ್ನೇ ನಂಬಿದ್ದ ಕೂಲಿಯವರಿಗೆ ಇದ್ದ ಕೆಲಸವೂ ತಪ್ಪಿತು. ಅಂಥವರಿಗೆ ಎರಡು ದಿನ ಮಲಗಿ ಎನ್ನುವುದು ಸುಲಭವಲ್ಲ, ಅದಕ್ಕೆ ಉತ್ತರ ಗಾದೆಯಲ್ಲೂ ಇಲ್ಲ. ಆದರೆ ಆ ಮನೆಯಲ್ಲೂ ಕೂಲಿ ಮುಗಿಸಿ ಇಬ್ಬರೂ ಒಟ್ಟಿಗೆ ಬಂದಾಗ ಒಬ್ಬರು ಜಗಲಿಗೂ ಇನ್ನೊಬ್ಬರು ಒಲೆ ಮುಂದಕ್ಕೂ ಹೋಗುವುದು ಕೂಲಿಯ ಕೊರತೆಯಿಂದಲ್ಲ. ಜೊತೆಗೆ ಒಂದು ಎಚ್ಚರಿಕೆ: ಉಬ್ಬಸದವರಿಗೆ, ವಯಸ್ಸಾದವರಿಗೆ, ಎಳೆಮಕ್ಕಳಿಗೆ ನೆಗಡಿ ಎದೆಗಿಳಿದರೆ ಅದು ಬೇರೆಯೇ ಕಥೆ. ಅಲ್ಲಿ ಸಾರು ನಂಬಿ ಕೂರದೆ ಆಸ್ಪತ್ರೆಗೆ ಹೋಗಬೇಕು.

ಕಡೆಯದಾಗಿ ಸೋಂಕಿನ ಭಯ. ಒಬ್ಬರ ಪಕ್ಕ ಒಬ್ಬರು ಕೂತರೆ ಇಬ್ಬರೂ ಮಲಗಬೇಕಾಗುತ್ತದೆ, ಆದ್ದರಿಂದ ದೂರವಿರುವುದೇ ಜಾಣತನ ಎಂಬ ಮಾತು ನೋಡಲು ಸರಿಯಾಗಿಯೇ ಇದೆ. ಅಮೆರಿಕದ ವಿಸ್ಕಾನ್ಸಿನ್‌ನ ಸಂಶೋಧಕರು ಇದನ್ನೇ ಪರೀಕ್ಷಿಸಲು ಗಂಡಹೆಂಡಿರ ಜೋಡಿಗಳನ್ನು ಕರೆದು, ಒಬ್ಬರಿಗೆ ರೈನೋವೈರಸ್ ಹಚ್ಚಿ ಇನ್ನೊಬ್ಬರಿಗೆ ತಗಲುತ್ತದೆಯೇ ಎಂದು ನೋಡಿ, 1976ರಲ್ಲಿ ಪ್ರಕಟಿಸಿದರು. ತುಂಬ ಹೊತ್ತು ಒಟ್ಟಿಗೆ ಕಳೆದವರಲ್ಲಿ, ಕೈಗೆ ವೈರಸ್ ಮೆತ್ತಿದ್ದವರಲ್ಲಿ ಅದು ದಾಟಿತು. ಆದರೂ ಅರ್ಧಕ್ಕಿಂತ ಹೆಚ್ಚು ಜೋಡಿಗಳಲ್ಲಿ ದಾಟಲೇ ಇಲ್ಲ. ಅತ್ತ ಪಿಟ್ಸ್‌ಬರ್ಗಿನ ಸಂಶೋಧಕ ಶೆಲ್ಡನ್ ಕೊಹೆನ್ ಮತ್ತು ಜೊತೆಗಾರರು 1998ರಲ್ಲಿ ತೋರಿಸಿದ್ದು, ಹತ್ತಿರದವರೊಂದಿಗೆ ತಿಂಗಳು ಮೀರಿ ಎಳೆದ ಮನಸ್ತಾಪವಿದ್ದವರಿಗೆ ವೈರಸ್ ಹೊಕ್ಕಾಗ ನೆಗಡಿ ಹೆಚ್ಚು ಸುಲಭವಾಗಿ ಹಿಡಿಯುತ್ತದೆ ಎಂದು. ಅಂದರೆ ದೂರ ಕೂತು ಮುಖ ಗಂಟಿಕ್ಕಿಕೊಳ್ಳುವುದಕ್ಕಿಂತ ಕೈ ತೊಳೆದುಕೊಂಡು ಹತ್ತಿರ ಕೂರುವುದರಲ್ಲಿ ನಷ್ಟವೇನೂ ಹೆಚ್ಚಿಲ್ಲ. ಶನಿವಾರ ಮಧ್ಯಾಹ್ನ ಒಬ್ಬರು ಹೊದ್ದು ಮಲಗಿದರೆ ಇನ್ನೊಬ್ಬರ ಮೈ ನೆಟ್ಟಗಿರುವ ಸಂಭವವೇ ಜಾಸ್ತಿ. ಹುರುಳಿ ನೆನೆಹಾಕದೆ ಉಳಿದುದಕ್ಕೆ ವೈರಸ್ಸಿನ ಮೇಲೆ ನೆವ ಹೊರಿಸಲಾಗದು.