ಅಪ್ಪನ ಗಾಡಿ, ಅಮ್ಮನ ಕೋಣೆ



ತೀರಿಕೊಂಡ ತಂದೆಯ ಹಳೆಯ ವಾಹನವನ್ನು ದುರಸ್ತಿ ಮಾಡಿಸಿ ಮತ್ತೆ ಓಡುವಂತೆ ಮಾಡುವುದು ಆ ತಂದೆಗೆ ಸಲ್ಲಿಸುವ ಗೌರವವೇ? ಬನಶಂಕರಿಯ ನಮ್ಮ ಮನೆಯ ಮೆಟ್ಟಿಲ ಕೆಳಗೆ ಹನ್ನೆರಡು ವರ್ಷ ಗೋಣಿತಾಟು ಹೊದ್ದು ನಿಂತಿದ್ದ ಯೆಜ್ಡಿ ಮೋಟಾರ್ ಸೈಕಲ್ಲು ಈ ಪ್ರಶ್ನೆಯನ್ನು ನನ್ನ ಮುಂದಿಟ್ಟಿತು. ನಿಮ್ಮ ಮನೆಗಳಲ್ಲೂ ಒಂದು ಲ್ಯಾಂಬ್ರೆಟಾ, ಒಂದು ಫಿಯೆಟ್, ಕಡೇಪಕ್ಷ ಒಂದು ಸೈಕಲ್ಲು ಹೀಗೇ ನಿಂತಿರಬಹುದು. ಆದ್ದರಿಂದ ನನ್ನ ತಪ್ಪನ್ನೂ ಸೇರಿಸಿ ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಾವಾ ಗಾಡಿಗಳನ್ನು ಹೊರತರತೊಡಗಿತು. ಎಪ್ಪತ್ತರ ದಶಕದಲ್ಲಿ ಅವುಗಳಿಗೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳನ್ನು ಬೇರೊಂದು ಕಂಪನಿ ಮತ್ತೆ ಮಾರುಕಟ್ಟೆಗೆ ತಂದಿತಾದರೂ ಅಪ್ಪನ ಗಾಡಿ ಹಳೆಯ ಜಾತಿಯದು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಕಿಕ್ ಹೊಡೆಯುವ ಲಿವರೇ ಆಮೇಲೆ ಗೇರ್ ಲಿವರ್ ಆಗುತ್ತದೆ. ಹೊಸಬರು ಇದನ್ನು ಕಂಡು ಇಂದಿಗೂ ಬೆರಗಾಗುತ್ತಾರೆ.

ಭಾನುವಾರದ ಪೂಜೆಗೆ ನಾವು ನಾಲ್ವರೂ ಇದರಲ್ಲೇ ಹೋಗುತ್ತಿದ್ದೆವು. ಟ್ಯಾಂಕಿನ ಮೇಲೆ ನಾನು, ಅಪ್ಪ ಅಮ್ಮನ ನಡುವೆ ತಂಗಿ. ಈಗಿನ ಪೊಲೀಸರ ಕಣ್ಣಿಗೆ ಬಿದ್ದಿದ್ದರೆ ದಂಡ ಕಟ್ಟಿಯೇ ದೇವಾಲಯ ಸೇರಬೇಕಾಗುತ್ತಿತ್ತು!

ಕೊನೆಯ ಎರಡು ವರ್ಷ ಅಪ್ಪನಿಗೆ ಮರೆವಿನ ಕಾಯಿಲೆ. ಕತ್ತಲಾಯಿತೆಂದರೆ "ಗಾಡಿ ಒಳಗೆ ಹಾಕಿದ್ಯೇನೋ?" ಎಂದು ಕೇಳಲು ತೊಡಗುತ್ತಿದ್ದರು. ಹಾಕಿದ್ದೇನೆ ಎಂದರೂ ಐದು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ಒಂದು ರಾತ್ರಿ ಬೀಗದ ಕೈ ಕೊಡೆಂದು ಹಟ ಹಿಡಿದಾಗ ನಾನು, "ಗಾಡಿ ಗುಜರಿಗೆ ಹಾಕಿಯಾಯ್ತು, ಸುಮ್ಮನೆ ಮಲಗಿ" ಎಂದು ಗದರಿಬಿಟ್ಟೆ. ಅದು ಸುಳ್ಳು. ಅವರು ಮಗುವಿನಂತೆ ಅತ್ತರು. ತಂದೆಯ ಬುದ್ಧಿ ಮಂಕಾದರೂ ಮಗನು ಸಹನೆಯಿಂದಿರಬೇಕು, ಅವನನ್ನು ಹೀಗಳೆಯಬಾರದು ಎಂದು ಸಿರಾಖನ ಗ್ರಂಥದ ಮೂರನೆಯ ಅಧ್ಯಾಯ ತಿಳಿಸುತ್ತದೆ. ಆ ವಾಚನವನ್ನು ಪವಿತ್ರ ಕುಟುಂಬದ ಹಬ್ಬದಂದು ನಾನೇ ಪೀಠದ ಮುಂದೆ ನಿಂತು ಓದಿದ್ದುಂಟು.

ಅಪ್ಪ ಹೋಗಿ ನಾಲ್ಕನೆಯ ವರ್ಷ ಗಾಡಿಯನ್ನು ಹೊರಗೆಳೆದೆ. ಮಗನ ಪ್ರೀತಿಯೆಂದು ನೆರೆಹೊರೆಯವರು ಹೊಗಳಿದರು, ನನಗೂ ಹಿತವೆನಿಸಿತು. ಟ್ಯಾಂಕಿನ ಒಳಗೆಲ್ಲ ತುಕ್ಕು. ಸೈಲೆನ್ಸರುಗಳಲ್ಲಿ ಮಸಿ ಕಟ್ಟಿ ಹೊಗೆ ಹೊರಬರಲು ದಾರಿಯಿರಲಿಲ್ಲ. ಒಂದು ಕಾಸ್ಟಿಕ್ ಸೋಡಾದಲ್ಲಿ ತೊಳೆದಾಗ ಚೊಕ್ಕಟವಾಯಿತು, ಇನ್ನೊಂದು ತೂತು ಬಿದ್ದಿತ್ತು. ಇಷ್ಟೆಲ್ಲ ಮಾಡಿದರೂ ಎಂಜಿನ್ನು ಹೊತ್ತಲಿಲ್ಲ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿನ ಆವಿ ಮೊದಲು ಕ್ರ್ಯಾಂಕ್ ಇರುವ ಪೆಟ್ಟಿಗೆಗೆ ಬಂದು, ಅಲ್ಲಿಯ ಒತ್ತಡದಿಂದ ಮೇಲಕ್ಕೆ ಹೋಗಬೇಕು. ವರ್ಷಗಟ್ಟಲೆ ನಿಂತರೆ ಅಲ್ಲಿಯ ಆಯಿಲ್ ಸೀಲುಗಳು ಒಣಗಿ ಗಟ್ಟಿಯಾಗಿ ಆ ಒತ್ತಡ ಸೋರಿಹೋಗುತ್ತದೆ. ಹೊರಗಿನಿಂದ ಏನೂ ಕಾಣದು. ಎಂಜಿನ್ ಬಿಚ್ಚದೆ ಬೇರೆ ದಾರಿಯಿಲ್ಲ.

ಹೀಗೆ ಭಾನುವಾರಗಳೆಲ್ಲ ಮೆಕ್ಯಾನಿಕ್ಕಿನ ಶೆಡ್ಡಿಗೆ ಮುಡಿಪಾದವು. ನಾನೇನೂ ಪೂಜೆ ತಪ್ಪಿಸಲಿಲ್ಲ, ಶನಿವಾರ ಸಂಜೆಯ ಪೂಜೆಗೆ ಒಬ್ಬನೇ ಹೋಗಿಬರುತ್ತಿದ್ದೆ. ಅಮ್ಮನಿಗೆ ಮಂಡಿನೋವು. "ಭಾನುವಾರ ನನ್ನೂ ಕರ್ಕೊಂಡು ಹೋಗೋ" ಎಂದಾಗ, "ಟಿವಿಯಲ್ಲಿ ಪೂಜೆ ಬರುತ್ತಲ್ಲಮ್ಮ" ಎಂದು ಹೇಳಿ ಹೊರಟುಬಿಡುತ್ತಿದ್ದೆ.

ಆಮೇಲೆ ಆರ್.ಸಿ. ವರ್ಗಾವಣೆಯ ಕೆಲಸ ಬಂತು. ಮಾಲೀಕರು ತೀರಿಕೊಂಡರೆ 30 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಿ, ಮೂರು ತಿಂಗಳೊಳಗೆ ಫಾರ್ಮ್ 31ರಲ್ಲಿ ಅರ್ಜಿ ಹಾಕಬೇಕೆಂಬುದು ನಿಯಮ. ನಿಮ್ಮ ಮನೆಯಲ್ಲಿ ಅಂಥ ಸಂದರ್ಭ ಬಂದಾಗ ನಮ್ಮಂತೆ ವರ್ಷಗಟ್ಟಲೆ ತಡಮಾಡಬೇಡಿ. ಉಳಿದ ವಾರಸುದಾರರ ಒಪ್ಪಿಗೆ ಪತ್ರವೂ ಬೇಕೆಂದು ತಿಳಿದುಬಂತು. ಕಾಗದ ಹಿಡಿದು ಅಮ್ಮನ ಕೋಣೆಗೆ ಹೋದೆ. ಕನ್ನಡಕ ಹುಡುಕಿ ಹಾಕಿಕೊಂಡು, "ಎಲ್ಲೋ ಸೈನು ಹಾಕಬೇಕು?" ಎಂದರು. ಹಾಕಿದ ಮೇಲೆ, "ಕೂತ್ಕೊಳೋ, ಈ ಕೋಣೆಗೆ ಬಂದು ಎಷ್ಟು ದಿನ ಆಯ್ತು" ಎಂದರು. ದೂರು ಹೇಳಿದ ಧ್ವನಿಯಲ್ಲ ಅದು. ನನಗೆ ಉತ್ತರ ತೋಚಲಿಲ್ಲ.

ಸಂತ ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಫರಿಸಾಯರನ್ನು ಖಂಡಿಸುವ ಒಂದು ಪ್ರಸಂಗವಿದೆ. ತಂದೆತಾಯಿಗೆ ಸಲ್ಲಬೇಕಾದುದನ್ನು 'ಕೊರ್ಬಾನ್', ಅಂದರೆ ದೇವರಿಗೆ ಮುಡಿಪು ಎಂದು ಘೋಷಿಸಿಬಿಟ್ಟರೆ ಮಗನು ಹೆತ್ತವರ ಹೊಣೆಯಿಂದ ತಪ್ಪಿಸಿಕೊಳ್ಳಬಹುದಿತ್ತು. ಇದು ಯೆಹೂದ್ಯರ ಹಳೆಯ ಕಾಲದ ತಕರಾರು ಎಂದುಕೊಂಡು ನಾವು ಪುಟ ಮಗುಚುತ್ತೇವೆ. ಆ ದಿನ ನನಗದು ಮೆಟ್ಟಿಲ ಕೆಳಗೇ ಕಾಣಿಸಿತು. ಅಮ್ಮನಿಗೆ ಸಲ್ಲಬೇಕಾದ ಭಾನುವಾರಗಳನ್ನು ನಾನು ಅಪ್ಪನ ಹೆಸರಿನಲ್ಲಿ ಕೊರ್ಬಾನ್ ಮಾಡಿಬಿಟ್ಟಿದ್ದೆ. ಕದ್ದದ್ದು ಪವಿತ್ರವಾದ ಹೆಸರಿನಲ್ಲಿ, ಆದ್ದರಿಂದ ಕಳ್ಳತನವೆಂದು ಗೊತ್ತಾಗಲೇ ಇಲ್ಲ.

ಹಾಗೆಂದು ಗಾಡಿಯನ್ನು ಗುಜರಿಗೆ ಹಾಕಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಕೈಯಿಂದ ಮಾಡುವ ಕೆಲಸ ಒಳ್ಳೆಯದು, ತಂದೆಯ ವಸ್ತುವನ್ನು ಜೋಪಾನ ಮಾಡುವುದೂ ಒಳ್ಳೆಯದು. ಆದರೆ ನಿಮ್ಮನ್ನೇ ಕೇಳಿಕೊಳ್ಳಿ: ನಾವು ಉಜ್ಜುತ್ತಿರುವುದು ಗಾಡಿಯ ತುಕ್ಕನ್ನೋ, ನಮ್ಮ ಮನಸ್ಸಿನ ಕಲೆಯನ್ನೋ? ಎರಡನೆಯದಾದರೆ ಅದಕ್ಕೆ ಪಾಪನಿವೇದನೆಯಿದೆ. ಅಗಲಿದವರಿಗಾಗಿ ಪೂಜೆ ಅರ್ಪಿಸಬಹುದು. ನವೆಂಬರ್ 1ರಿಂದ 8ರವರೆಗೆ ಸಮಾಧಿಗೆ ಭೇಟಿಯಿತ್ತು ಪ್ರಾರ್ಥಿಸಿ, ನಿಗದಿತ ನಿಯಮಗಳನ್ನು ಪಾಲಿಸುವವರು ಆ ಆತ್ಮಗಳಿಗಾಗಿ ಪೂರ್ಣ ದಂಡವಿಮೋಚನೆ ಪಡೆಯಬಹುದೆಂದು ಧರ್ಮಸಭೆ ಕಲಿಸುತ್ತದೆ. ಬಿಡಿಭಾಗಗಳಿಗಾಗಿ ಜೆ.ಸಿ. ರಸ್ತೆಯನ್ನೆಲ್ಲ ಸುತ್ತಿದ ನಾನು ಆ ವರ್ಷ ಅಪ್ಪನ ಹೆಸರಿನಲ್ಲಿ ಒಂದು ಪೂಜೆಯನ್ನೂ ಹೇಳಿಸಿರಲಿಲ್ಲ. ಅಮ್ಮ ಪಕ್ಕದ ಮನೆಯವರ ಕೈಲಿ ದುಡ್ಡು ಕೊಟ್ಟು ಹೇಳಿಸಿದ್ದರು. 1992ರ ಧರ್ಮೋಪದೇಶ ಗ್ರಂಥ ನಾಲ್ಕನೆಯ ಕಟ್ಟಳೆಯನ್ನು ವಿವರಿಸುತ್ತಾ, ವೃದ್ಧಾಪ್ಯ, ಕಾಯಿಲೆಗಳ ಜೊತೆಗೆ ಒಂಟಿತನದ ಕಾಲದಲ್ಲೂ ಮಕ್ಕಳು ಹೆತ್ತವರಿಗೆ ಆಸರೆಯಾಗಬೇಕೆನ್ನುತ್ತದೆ. ಊಟ, ಔಷಧಿಗಳಲ್ಲಿ ನಾನು ಅಮ್ಮನಿಗೆ ಕೊರತೆ ಮಾಡಿರಲಿಲ್ಲ. ಆ ಮೂರನೆಯದರ ಲೆಕ್ಕವನ್ನೇ ಇಟ್ಟಿರಲಿಲ್ಲ.

ಮುಂದಿನ ವಾರ ಅಮ್ಮನ ಕೈ ಹಿಡಿದು ನಿಧಾನವಾಗಿ ಗಾಡಿಯ ಹತ್ತಿರ ಕರೆತಂದು ಕುರ್ಚಿ ಹಾಕಿದೆ. ಮೆಕ್ಯಾನಿಕ್ಕು ಬಂದಿದ್ದ. "ಸಾರ್, ಟ್ಯಾಂಕಿನ ಡೆಂಟ್ ತೆಗೆದು ಪೇಂಟ್ ಹೊಡೆದುಬಿಡೋಣ, ಶೋರೂಮ್ ಗಾಡಿ ಥರ ಆಗುತ್ತೆ" ಎಂದ. ಅಮ್ಮ ನಕ್ಕರು. ಒಂದು ಡಿಸೆಂಬರಿನಲ್ಲಿ ದೇವಾಲಯದ ಗೋದಲಿಗೆಂದು ಬಿದಿರು, ಹುಲ್ಲು ಕಟ್ಟಿಕೊಂಡು ಬರುವಾಗ ಅಪ್ಪ ಕೆ.ಆರ್. ಮಾರುಕಟ್ಟೆಯ ಹತ್ತಿರ ಗಾಡಿ ಸಮೇತ ಉರುಳಿದ್ದರಂತೆ. "ಮಕ್ಕಳಿಗೆ ಹೇಳಬೇಡ ಅಂದಿದ್ರು ಕಣೋ, ಮರ್ಯಾದೆ ಹೋಗುತ್ತೆ ಅಂತ." ನಲವತ್ತು ವರ್ಷ ಅವರು ಆ ಮಾತು ಉಳಿಸಿಕೊಂಡಿದ್ದರು. ಡೆಂಟ್ ಹಾಗೇ ಇರಲಿ ಎಂದೆ.

ಸೀಲುಗಳನ್ನು ಬದಲಿಸಿದ ಮೇಲೆ, ಒಂದು ಗುರುವಾರ ಎಂಜಿನ್ನು ಹೊತ್ತಿತು. ಅಮ್ಮ ಆ ಮಂಡಿಯಲ್ಲಿ ಅದರ ಮೇಲೆ ಕೂರಲಾರರು. ಭಾನುವಾರ ಬೆಳಗಿನ ಪೂಜೆಗೆ ನಾವಿಬ್ಬರೂ ಆಟೋದಲ್ಲಿ ಹೋಗುತ್ತೇವೆ. ಮೆಕ್ಯಾನಿಕ್ಕಿಗೆ ಮಧ್ಯಾಹ್ನದ ಮೇಲೆ ಬರುತ್ತೇನೆಂದು ಹೇಳಿದ್ದೇನೆ. ಎಡಗಡೆಯ ಸೈಲೆನ್ಸರ್ ಇನ್ನೂ ಸಿಕ್ಕಿಲ್ಲ.